ಮೊಟಕು ಲ್ಯಾಟಿನ್‌ನಲ್ಲಿ ಪೂರ್ವಜರನ್ನು ಹುಡುಕುವುದು ಹೇಗೆ?

ಇಂಗ್ಲೆಂಡಿನಲ್ಲಿ ವಂಶದ ಬೇರು ಹುಡುಕುವವರಿಗೆ ಚರ್ಚ್ ರಿಜಿಸ್ಟರ್ ಸಿಗುವುದು ಹೆಚ್ಚೆಂದರೆ 1538ರವರೆಗೆ. ಅದಕ್ಕೂ ಹಿಂದಿನ ರೈತಾಪಿ ಜನ ಬೇಕೆಂದರೆ ಮ್ಯಾನರ್ ಕೋರ್ಟ್ ರೋಲ್ ನೋಡಬೇಕು. ಮ್ಯಾನರ್ ಅಂದರೆ ಒಬ್ಬ ಒಡೆಯನ ಜಹಗೀರು, ಅವನ ಕೋರ್ಟಿನ ನಡಾವಳಿ ಬರೆದ ಸುರುಳಿಯೇ ಕೋರ್ಟ್ ರೋಲ್. ಅಲ್ಲಿ ಯಾರು ಸತ್ತರು, ಜಮೀನು ಯಾರಿಗೆ ಹೋಯಿತು, ಮಗಳ ಮದುವೆಗೆ ಒಡೆಯನಿಗೆ ಎಷ್ಟು ಹಣ ಕಟ್ಟಿದರು, ಯಾರ ದನ ಯಾರ ಹೊಲಕ್ಕೆ ನುಗ್ಗಿತು ಅನ್ನುವುದನ್ನೆಲ್ಲ ಗುಮಾಸ್ತರು ಚರ್ಮದ ಸುರುಳಿಯಲ್ಲಿ ಬರೆದಿಡುತ್ತಿದ್ದರು. ಭಾಷೆ ಲ್ಯಾಟಿನ್, ಅದೂ ಅರ್ಧಂಬರ್ಧ ಬರೆದದ್ದು. ಆದರೂ ಹೆದರಬೇಡಿ, ಇದು ಖಂಡಿತ ಕಲಿಯಬಹುದಾದ ವಿದ್ಯೆ.

ಮೊದಲು ಒಕ್ಕಣೆ ಕಲಿಯಿರಿ, ಸಂಕ್ಷಿಪ್ತ ಗುರುತುಗಳು ಆಮೇಲೆ. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಗುಮಾಸ್ತರು ಹೊಸದಾಗಿ ಏನೂ ಬರೆಯುತ್ತಿರಲಿಲ್ಲ. "ಇಂಥವನು ಸತ್ತ, ಒಡೆಯನಿಂದ ಒಂದು ಮನೆ, ಹತ್ತು ಎಕರೆ ಹಿಡಿದಿದ್ದ, ಹೆರಿಯಟ್ (ಒಕ್ಕಲು ಸತ್ತಾಗ ಒಡೆಯನಿಗೆ ಸಲ್ಲುವ ಕಾಣಿಕೆ) ಎಂದು ಒಡೆಯನಿಗೆ ಒಂದು ಹಸು ಸಂದಿತು, ಮಗ ಬಂದು ಜಮೀನು ಕೇಳಿದ" — ಇದೇ ಮಾತು ನೂರಾರು ಸಲ. ಹದಿನೇಳನೇ ಶತಮಾನದ ನಡುವೆ, ಕ್ರಾಮ್ವೆಲ್ ಕಾಲದ ಕೆಲವು ವರ್ಷ ಮತ್ತು 1733ರ ನಂತರ ಈ ದಾಖಲೆಗಳು ಇಂಗ್ಲಿಷಿನಲ್ಲಿವೆ. ಒಕ್ಕಣೆ ಹೆಚ್ಚುಕಮ್ಮಿ ಅದೇ. ಹಾಗಾಗಿ ಅದೇ ಮ್ಯಾನರಿನ ಇಂಗ್ಲಿಷ್ ಸುರುಳಿಯನ್ನು ಮೊದಲು ಓದಿ, ಆಮೇಲೆ ಹಿಂದಕ್ಕೆ ಹೋಗಿ.

ಈಗ ಗುರುತುಗಳು. ಅಕ್ಷರದ ಮೇಲೆ ಅಡ್ಡಗೆರೆ ಇದ್ದರೆ ಸಾಮಾನ್ಯವಾಗಿ ಎಮ್ ಅಥವಾ ಎನ್ ಬಿಟ್ಟಿದ್ದಾರೆ ಅಂತ. ಪಿ ಅಕ್ಷರದ ಕಾಲಿಗೆ ನೇರ ಗೆರೆ ಎಳೆದಿದ್ದರೆ 'ಪೆರ್' ಅಥವಾ 'ಪಾರ್', ಗೆರೆ ಎಡಕ್ಕೆ ಬಾಗಿದ್ದರೆ 'ಪ್ರೊ', ಗೆರೆ ತಲೆಯ ಮೇಲಿದ್ದರೆ 'ಪ್ರೆ'. ಪದದ ಮೊದಲಲ್ಲಿ 9ರ ಆಕಾರ ಬಂದರೆ 'ಕಾನ್' ಅಥವಾ 'ಕಾಮ್', ಕೊನೆಯಲ್ಲಿ ಮೇಲೆತ್ತಿ ಬರೆದಿದ್ದರೆ 'ಉಸ್'. 7ರಂಥದ್ದು 'ಎತ್', ಅಂದರೆ 'ಮತ್ತು'. ಉಳಿದದ್ದಕ್ಕೆ ಇಟಲಿಯ ವಿದ್ವಾಂಸ ಕಪೆಲ್ಲಿಯ 1899ರ ಸಂಕ್ಷೇಪ ನಿಘಂಟು ಇದೆ, ಆದರೆ ಮೇಲಿನಷ್ಟು ಗೊತ್ತಿಲ್ಲದೆ ಸುಮ್ನೆ ಅದನ್ನು ತಿರುವಿದರೆ ತಲೆ ಕೆಡುತ್ತದೆ.

ಜಾಸ್ತಿ ಕಾಡುವುದು ನೆಟ್ಟ ಗೆರೆಗಳು. ಐ, ಯು, ಎನ್, ಎಮ್ ನಾಲ್ಕೂ ಒಂದೇ ಥರದ ಗೆರೆಗಳಿಂದ ಆದವು, ಐ ಮೇಲೆ ಚುಕ್ಕೆಯೂ ಇರುವುದಿಲ್ಲ. 'ಮಿನಿಮುಮ್' ಎಂಬ ಪದ ಬರೆದರೆ ಸಾಲಾಗಿ 15 ಗೆರೆ ನಿಲ್ಲುತ್ತವೆ! ಗೆರೆ ಎಣಿಸಿ, ಆಮೇಲೆ ಪದ ಊಹಿಸಿ.

ಇನ್ನು ಸಂಬಂಧಗಳು. ನಮ್ಮ ಪಹಣಿಯಲ್ಲಿ 'ಬಿನ್', 'ಕೋಂ' ಇರುವ ಹಾಗೆ ಇಲ್ಲಿ 'ಫಿಲ್', 'ಉಕ್ಸ್' ಇರುತ್ತವೆ. ತೊಂದರೆ ಏನೆಂದರೆ 'ಫಿಲ್' ಅಂದರೆ ಫಿಲಿಯುಸ್, ಮಗ, ಆಗಬಹುದು; ಫಿಲಿಯಾ, ಮಗಳೂ ಆಗಬಹುದು. ಹೆಸರು ಬರೀ 'ಜೊಹ್' ಅಂತಿದ್ದರೆ ಜೊಹಾನ್ನೆಸೋ ಜೊಹಾನ್ನಾನೋ ತಿಳಿಯದು. ಆಗ ಮುಂದೆ 'ಕ್ವಿ' ಇದೆಯೋ 'ಕ್ವೆ' ಇದೆಯೋ ನೋಡಿ. 'ಕ್ವಿ' ಗಂಡಸಿಗೆ, 'ಕ್ವೆ' ಹೆಂಗಸಿಗೆ. 'ಕ್ವೆ ಫುಯಿತ್ ಉಕ್ಸೋರ್' ಎಂದರೆ 'ಹೆಂಡತಿಯಾಗಿದ್ದವಳು', ಅಂದರೆ ಗಂಡ ತೀರಿಕೊಂಡಿದ್ದಾನೆ. ಅಡ್ಡಹೆಸರನ್ನೂ ಲ್ಯಾಟಿನ್ ಮಾಡಿರುತ್ತಾರೆ: ಫಾಬೆರ್ ಎಂದರೆ ಸ್ಮಿತ್, ಕ್ಲೆರಿಕುಸ್ ಎಂದರೆ ಕ್ಲಾರ್ಕ್. ನೀವು ಹುಡುಕುತ್ತಿರುವ ಮನೆತನ ಹೀಗೆ ಕಣ್ಣೆದುರೇ ತಪ್ಪಿಹೋಗಬಹುದು.

ತಾರೀಕು ರಾಜನ ಆಳ್ವಿಕೆಯ ಲೆಕ್ಕದಲ್ಲಿರುತ್ತದೆ. ಮೂರನೇ ಎಡ್ವರ್ಡ್‌ನ ಲೆಕ್ಕ ಶುರುವಾಗುವುದು 1327ರ ಜನವರಿ 25ಕ್ಕೆ. ಸಂತ ಮೈಕೆಲ್ ಹಬ್ಬ ಸೆಪ್ಟೆಂಬರ್ 29ಕ್ಕೆ, ಹಾಗಾಗಿ ಅವನ 23ನೇ ವರ್ಷದ 'ಸಂತ ಮೈಕೆಲ್ ಹಬ್ಬದ ನಂತರದ ಸೋಮವಾರ' ಅಂದರೆ 1349ರ ಅಕ್ಟೋಬರ್ 5. ಪ್ಲೇಗ್ ಬಂದ ವರ್ಷ ಅದು, ಒಂದೇ ಮನೆಯ ಅಪ್ಪ, ಮಗ ಇಬ್ಬರ ಸಾವೂ ಒಂದೇ ಸುರುಳಿಯಲ್ಲಿ ಸಿಗಬಹುದು, ಹುಷಾರಾಗಿ ಓದಿ.

ಪ್ರತಿ ಮಾಡುವಾಗ ನೀವು ತುಂಬಿದ ಅಕ್ಷರಗಳನ್ನು ಕಂಸದಲ್ಲಿ ಹಾಕಿ. ಅನುಮಾನ ಇದ್ದರೆ 'ಫಿಲ್' ಅನ್ನು 'ಫಿಲ್' ಅಂತಲೇ ಬಿಡಿ. ಕೋರ್ಟು ಎಷ್ಟೋ ಕಡೆ ಕೆಲವು ವಾರಕ್ಕೊಮ್ಮೆ ಸೇರುತ್ತಿತ್ತು. ಮುಂದಿನ ನಡಾವಳಿಯಲ್ಲಿ ಅದೇ ಹೆಸರನ್ನು ಗುಮಾಸ್ತ ಪೂರ್ತಿಯಾಗಿ ಬರೆದಿರಬಹುದು, ಅದನ್ನು ತೆಗೆದು ನೋಡಿ.