ಕಾರ್ಡ್ ಕಾಯಿಸಿದರೂ ಡೇಟಾ ತಪ್ಪದ ಹಾಗೆ ಮಾಡಿದ್ದು

ನಮ್ಮ ಮನೆ ಕಾಸರಗೋಡಿನ ಪೆರ್ಲದ ಹತ್ತಿರ. ತೋಟದ ಪಂಪಿನ ಬೇರಿಂಗ್ ಹಾಳಾಗುವ ಮೊದಲೇ ಅದರ ನಡುಕದಲ್ಲಿ ಏನಾದರೂ ಸುಳಿವು ಸಿಗುತ್ತದಾ ಅಂತ ನೋಡಲು ಒಂದು ಲಾಗರ್, ಅಂದರೆ ಅಳತೆ ದಾಖಲಿಸಿಡುವ ಸಾಧನ, ಕಟ್ಟಿದೆ. ಎಸ್‌ಟಿಎಂ32ಎಫ್103 ಚಿಪ್, ನಡುಕ ಅಳೆಯುವ ಅನಲಾಗ್ ಆಕ್ಸೆಲೆರೋಮೀಟರ್, ಎಸ್‌ಡಿ ಕಾರ್ಡ್, ಇಷ್ಟೇ. ತಲೆ ತಿಂದದ್ದು ಸೆನ್ಸರ್ ಅಲ್ಲ, ಒಂದೊಂದು ಭಾಗಕ್ಕೂ ಒಂದೊಂದು ವೇಗ ಇರುವುದು.

ಚಿಪ್ಪಿನ ಒಳಗೇ ಈ ತಕರಾರು ಶುರು. ಪ್ರೊಸೆಸರ್, ಡಿಎಂಎ (ಪ್ರೊಸೆಸರಿನ ಕೈ ಇಲ್ಲದೆ ಡೇಟಾ ಸಾಗಿಸುವ ಭಾಗ) ಕೂತಿರುವ ಎಎಚ್‌ಬಿ ಬಸ್, ಅಂದರೆ ಡೇಟಾ ಓಡಾಡುವ ದಾರಿ, 72 ಮೆಗಾಹರ್ಟ್ಸ್‌ನಲ್ಲಿ ಓಡುತ್ತದೆ. ಟೈಮರ್ 3, ಟೈಮರ್ 4 ಇರುವ ಎಪಿಬಿ1 ಬಸ್ 36 ದಾಟುವ ಹಾಗಿಲ್ಲ. ನಡುವೆ ಒಂದು ಬ್ರಿಡ್ಜ್. ಎಪಿಬಿಯಲ್ಲಿ ಏನೇ ಓದಲಿ, ಬರೆಯಲಿ, ಕಡಿಮೆ ಅಂದರೂ ಎರಡು ಕ್ಲಾಕ್ ಬೇಕು. ಬರೆಯುವಾಗ ಪ್ರೊಸೆಸರ್ ಅದನ್ನು ಬಫರಿಗೆ (ತಾತ್ಕಾಲಿಕ ಜಾಗಕ್ಕೆ) ಹಾಕಿ, ಮುಗಿಯಿತಾ ಅಂತ ನೋಡದೆ ಮುಂದೆ ಹೋಗುತ್ತದೆ. ಹಾಗಾಗಿ ಟೈಮರ್ ಇಂಟರಪ್ಟಿನ (ಪ್ರೊಸೆಸರನ್ನು ನಡುವೆ ತಡೆದು ಒಂದು ರುಟೀನ್ ಓಡಿಸುವ ಕರೆಯ) ಫ್ಲಾಗನ್ನು, ಅಂದರೆ ಗುರುತನ್ನು, ಆ ರುಟೀನಿನ ಕೊನೇ ಸಾಲಿನಲ್ಲಿ ಅಳಿಸಿದರೆ ಅದು ಟೈಮರಿಗೆ ಮುಟ್ಟುವ ಮೊದಲೇ ನಾವು ಹೊರಗೆ ಬಂದಿರುತ್ತೇವೆ, ಅದೇ ಇಂಟರಪ್ಟ್ ಮತ್ತೊಮ್ಮೆ ಬರಬಹುದು. ನಾನು ಅದನ್ನು ಮೊದಲ ಸಾಲಿನಲ್ಲೇ ಅಳಿಸುತ್ತೇನೆ. ತೀರಾ ಚಿಕ್ಕ ರುಟೀನ್ ಆದರೆ ಆ ಫ್ಲಾಗ್ ಇರುವ ರಿಜಿಸ್ಟರನ್ನು ಒಮ್ಮೆ ಓದಿಯೂ ಬಿಡುತ್ತೇನೆ. ಓದುವಾಗ ಕಾಯಲೇಬೇಕು, ಅಲ್ವಾ.

ದೊಡ್ಡ ಅಂತರ ಇರುವುದು ಕಾರ್ಡಿನಲ್ಲಿ. ಸೆಕೆಂಡಿಗೆ 4000 ಸ್ಯಾಂಪಲ್, ಒಂದಕ್ಕೆ 2 ಬೈಟ್, ಒಟ್ಟು 8000 ಬೈಟ್. ಸರಾಸರಿ ನೋಡಿದರೆ ಯಾವ ಕಾರ್ಡಿಗೂ ಇದು ಲೆಕ್ಕಕ್ಕಿಲ್ಲ. ಆದರೆ ಎಸ್‌ಡಿಎಚ್‌ಸಿ ಕಾರ್ಡ್ ಬರೆಯುವಾಗ 250 ಮಿಲಿಸೆಕೆಂಡಿನವರೆಗೂ ಡೇಟಾ ಲೈನನ್ನು ಕೆಳಗೆ ಎಳೆದುಕೊಂಡು ಬ್ಯುಸಿ ಅಂತ ಕೂರಬಹುದು. ಅಷ್ಟರಲ್ಲಿ ಬರುವ 2000 ಬೈಟ್ ಎಲ್ಲಿಗೆ ಹೋಗಬೇಕು?

ಭಾವ ನೋಡಿ, "ಇದಕ್ಕಿಂತ ಜೋರಿನ ಚಿಪ್ ಹಾಕಿದ್ರೆ ಆಗ್ತಿರ್ಲಿಲ್ವಾ?" ಅಂದರು. ಚಿಪ್ ಜೋರಾದ ಮಾತ್ರಕ್ಕೆ ಕಾರ್ಡಿಗೇನು ಅವಸರ!

20 ಕಿಲೋಬೈಟ್ ರ‍್ಯಾಮಿನಲ್ಲಿ 8 ಕಿಲೋಬೈಟ್ ಇದಕ್ಕೇ ಬಿಟ್ಟೆ. ಟೈಮರ್ 3 ಎಡಿಸಿಯನ್ನು (ಸೆನ್ಸರಿನ ಅನಲಾಗ್ ಸಂಕೇತವನ್ನು ಅಂಕಿಗೆ ಬದಲಿಸುವ ಭಾಗವನ್ನು) ತಟ್ಟುತ್ತದೆ, ಡಿಎಂಎ ತಾನೇ ಬಫರಿಗೆ ತುಂಬುತ್ತಾ ಸುತ್ತುತ್ತದೆ. ಅರ್ಧ ತುಂಬಿದಾಗ ಒಂದು ಇಂಟರಪ್ಟ್, ಪೂರ್ತಿ ತುಂಬಿದಾಗ ಇನ್ನೊಂದು. ಒಂದು ಅರ್ಧ ತುಂಬುವಾಗ ಇನ್ನೊಂದು ಅರ್ಧ, ಅಂದರೆ 512 ಬೈಟಿನ ಎಂಟು ಬ್ಲಾಕ್, ಒಂದೇ ಸಲಕ್ಕೆ ಕಾರ್ಡಿಗೆ. ಕೈಯಲ್ಲಿ 512 ಮಿಲಿಸೆಕೆಂಡ್ ಸಿಗುತ್ತದೆ. ಇಂಟರಪ್ಟಿನ ಒಳಗೆ ಕಾರ್ಡಿನ ಕೆಲಸ ಮಾಡುವುದೇ ಇಲ್ಲ, ಸುಮ್ನೆ ಒಂದು ಫ್ಲಾಗ್ ಎತ್ತಿ ಹೊರಗೆ ಬರುವುದು. ಹಳೆಯ ಅರ್ಧ ಮುಗಿಯುವ ಮೊದಲೇ ಹೊಸದು ತುಂಬಿದರೆ ಒಂದು ಕೌಂಟರ್ ಏರುತ್ತದೆ, ಫೈಲಿನಲ್ಲಿ ಅದೂ ದಾಖಲಾಗುತ್ತದೆ.

ಫೈಲ್ ಸಿಂಕ್ ಮಾಡುವಾಗ, ಅಂದರೆ ಬರೆದದ್ದು ಕಾರ್ಡಿನಲ್ಲಿ ಖಾಯಂ ಆಗುವ ಹಾಗೆ ಮಾಡುವಾಗ, ಸಮಯ ಜಾಸ್ತಿ ಹೋಗುತ್ತದೆ, ಅದನ್ನು ನಿಮಿಷಕ್ಕೊಮ್ಮೆ ಇಟ್ಟಿದ್ದೇನೆ. ಮಳೆಗಾಲದಲ್ಲಿ ಕರೆಂಟ್ ಹೋದರೆ ಒಂದು ನಿಮಿಷದ್ದು ಹೋಗಲಿ, ಪಂಪೂ ಆಗ ನಿಂತಿರುತ್ತದೆ.