ಲೆಕ್ಕಕ್ಕೆ ಸಿಗದ ಒಂದು ಪಂದ್ಯ

"ನೂರಾಮೂರು ಗೆಲುವು, ಐವತ್ತೆಂಟು ಸೋಲು. ಕೂಡಿದ್ರೆ ನೂರಾ ಅರವತ್ತೊಂದು. ನೂರಾ ಅರವತ್ತೆರಡು ಮ್ಯಾಚು ಅಂದಿದ್ದೆಯಲ್ಲ, ಇನ್ನೊಂದು ಎಲ್ಲಮ್ಮಾ?"

2016ರ ಡಿಸೆಂಬರ್‌ನಲ್ಲಿ ಮೈಸೂರಿನಿಂದ ಫೋನ್ ಮಾಡಿದ ಅಪ್ಪ, ಚೆನ್ನಾಗಿದ್ದೀಯಾ ಅಂತಲೂ ಕೇಳದೆ ಇದನ್ನು ಕೇಳಿದರು. ಶಿಕಾಗೊ ಕಬ್ಸ್ ಎಂಬ ಬೇಸ್‌ಬಾಲ್ ತಂಡ 108 ವರ್ಷಗಳ ಮೇಲೆ, ವರ್ಷದ ಫೈನಲ್ ಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದ ಆ ಸೀಸನ್ನಿನ ಕಥೆಯನ್ನು ಕನ್ನಡದಲ್ಲಿ ಹದಿನಾಲ್ಕು ಪುಟ ಬರೆದು ಅವರಿಗೆ ಕಳಿಸಿದ್ದೆ. ಅವರು ಓದಲು ಶುರುಮಾಡಿದ್ದು ಕೊನೇ ಪುಟದ ಅಂಕಿಪಟ್ಟಿಯಿಂದ. ಬ್ಯಾಂಕಿನ ಕೆಲಸದ ಜೊತೆಗೆ ಇಪ್ಪತ್ತು ವರ್ಷ ಭಾನುವಾರದ ಕ್ರಿಕೆಟ್ ಪಂದ್ಯಗಳಿಗೆ ಸ್ಕೋರರ್ ಆಗಿದ್ದವರು ಅವರು. ಬ್ಯಾಟಿಂಗ್ ಲೆಕ್ಕಕ್ಕೂ ಬೌಲಿಂಗ್ ಲೆಕ್ಕಕ್ಕೂ ತಾಳೆ ಬೀಳುವ ತನಕ ಊಟಕ್ಕೆ ಏಳುತ್ತಿರಲಿಲ್ಲ.

ಆ ಒಂದು ಪಂದ್ಯ ನನ್ನ ಸ್ಕೋರ್ ಬುಕ್ಕಿನಲ್ಲಿತ್ತು. ಸೆಪ್ಟೆಂಬರ್ 29, ಪಿಟ್ಸ್‌ಬರ್ಗ್. ಆರನೇ ಇನ್ನಿಂಗ್ಸ್ ಶುರುವಾಗಿ ಮಳೆ ಬಂತು, ಆಟ ನಿಂತಿತು, ಸ್ಕೋರು 1-1. ಬೇಸ್‌ಬಾಲ್‌ನಲ್ಲಿ ಟೈ ಅನ್ನುವುದೇ ಇಲ್ಲ. ಇತ್ಯರ್ಥವಾಗುವ ತನಕ ಆಡುತ್ತಲೇ ಇರುತ್ತಾರೆ, ಇಲ್ಲವೇ ಇನ್ನೊಂದು ದಿನ ಮುಂದುವರಿಸುತ್ತಾರೆ. ಆದರೆ ಆ ವರ್ಷ ಲೀಗ್ ಹಂತದಲ್ಲಿ ಈ ಎರಡು ತಂಡಗಳು ಮತ್ತೆ ಎದುರಾಗುವುದಿರಲಿಲ್ಲ. ಕಬ್ಸ್ ಆಗಲೇ ತನ್ನ ವಿಭಾಗ ಗೆದ್ದಿತ್ತು, ಪಿಟ್ಸ್‌ಬರ್ಗ್ ರೇಸಿನಿಂದ ಹೊರಬಿದ್ದಿತ್ತು. ಹಾಗಾಗಿ ಅದನ್ನು ಟೈ ಎಂದೇ ದಾಖಲಿಸಿದರು. ಅಮೆರಿಕದ ಅತ್ಯುನ್ನತ ಬೇಸ್‌ಬಾಲ್ ಲೀಗ್ ಆದ ಮೇಜರ್ ಲೀಗ್‌ನಲ್ಲಿ 2005ರ ನಂತರ ಹಾಗಾಗಿದ್ದು ಅದೇ ಮೊದಲು. ನನ್ನ ಹದಿನಾಲ್ಕು ಪುಟದಲ್ಲಿ ಅದರ ಬಗ್ಗೆ ಒಂದು ಸಾಲೂ ಇರಲಿಲ್ಲ.

"ಪಾಯಿಂಟ್ ಹಂಚಿದ್ರಾ?"

"ಇಲ್ಲಿ ಪಾಯಿಂಟೇ ಇಲ್ಲಪ್ಪ. ಗೆಲುವು, ಸೋಲು ಅಷ್ಟೇ."

"ಹಾಗಾದ್ರೆ ಆಡಿದ್ದನ್ನೇ ಬಿಟ್ಟುಬಿಟ್ಟಿದ್ದೀಯ ನೀನು."

ಹದಿನಾಲ್ಕು ಪುಟವನ್ನೂ ಮತ್ತೆ ಬರೆಯಬೇಕಾಗುತ್ತದೆ ಎಂದು ನನಗೆ ಆವಾಗಲೇ ಗೊತ್ತಾಯಿತು.

ಸ್ಕೋರ್ ಬರೆಯುವ ಹುಚ್ಚು ಹತ್ತಿದ್ದು ಹೀಗೆ. ನಾನು ಶಿಕಾಗೊಗೆ ಬಂದ ಎರಡನೇ ಬೇಸಿಗೆಯಲ್ಲಿ ಆಫೀಸಿನವರು ಕಬ್ಸ್‌ನ ತವರು ಮೈದಾನ ರಿಗ್ಲಿ ಫೀಲ್ಡ್‌ಗೆ ಕರೆದುಕೊಂಡು ಹೋಗಿದ್ದರು. ರೆಡ್ ಲೈನ್ ರೈಲಿನಲ್ಲಿ ಆಡಿಸನ್ ಸ್ಟೇಷನ್ನಿಗೆ ಇಳಿದರೆ ಎದುರಿಗೇ ಮೈದಾನ. 1937ರ ಕಾಲದ, ಇಂದಿಗೂ ಕೈಯಲ್ಲೇ ಅಂಕಿ ಬದಲಿಸುವ ಸ್ಕೋರ್ ಬೋರ್ಡು. ಬೌಂಡರಿಯ ಇಟ್ಟಿಗೆ ಗೋಡೆ ತುಂಬ ಹಬ್ಬಿದ ಬಳ್ಳಿ. ಇವೆಲ್ಲದಕ್ಕಿಂತ ನನ್ನ ಕಣ್ಣು ಹೋದದ್ದು ಪಕ್ಕದ ಸೀಟಿನ ಅಜ್ಜಿಯ ತೊಡೆಯ ಮೇಲಿದ್ದ ಪುಸ್ತಕದ ಕಡೆಗೆ. ಪುಟ್ಟ ಪುಟ್ಟ ಚೌಕ, ಒಂದೊಂದರಲ್ಲಿ ಒಂದು ವಜ್ರಾಕೃತಿ, ಪಕ್ಕದಲ್ಲಿ 6-4-3 ಎಂಬ ಅಂಕಿ. ಅಪ್ಪನ ಪುಸ್ತಕದಲ್ಲಿ ಚುಕ್ಕಿಗಳಿರುತ್ತಿದ್ದವು, ಇಲ್ಲಿ ಅಂಕಿಗಳು. ಚೆಂಡು ಎಸೆಯುವ ಪಿಚರ್ 1, ಬ್ಯಾಟರ್ ಹಿಂದೆ ಕೂತು ಹಿಡಿಯುವ ಕ್ಯಾಚರ್ 2, ಮೊದಲ ಬೇಸಿನವನು 3, ಎರಡನೆಯವನು 4, ಮೂರನೆಯವನು 5, ಎರಡನೇ ಮೂರನೇ ಬೇಸುಗಳ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ 6, ಹೊರ ಮೈದಾನದಲ್ಲಿ ಎಡದಿಂದ ಬಲಕ್ಕೆ 7, 8, 9. 6-4-3 ಅಂದರೆ ಶಾರ್ಟ್‌ಸ್ಟಾಪ್ ಚೆಂಡನ್ನು ಹಿಡಿದು ಎರಡನೇ ಬೇಸಿಗೆ ಎಸೆದ, ಅಲ್ಲಿದ್ದವನು ಮೊದಲನೆಯದಕ್ಕೆ ಎಸೆದ, ಒಂದೇ ಏಟಿಗೆ ಇಬ್ಬರು ಔಟ್. ಒಂದು ವಾಕ್ಯದ ಕೆಲಸವನ್ನು ಮೂರು ಅಂಕಿ ಮುಗಿಸುತ್ತವೆ. ಅಂದು ರಾತ್ರಿ ಅಪ್ಪನಿಗೆ ಫೋಟೊ ಕಳಿಸಿದೆ. ಅವರು ಉತ್ತರವಾಗಿ ಒಂದು ನಿಯಮ ಕಳಿಸಿದರು: ಆ ಕ್ಷಣದಲ್ಲಿ ಬರೆದದ್ದು ನೀಲಿ ಇಂಕು, ಆಮೇಲೆ ತುಂಬಿದ್ದು ಹಸಿರು ಇಂಕು. "ಯಾವತ್ತೂ ಬೆರೆಸಬೇಡ, ನಾಳೆ ನಿನಗೇ ಮೋಸ ಆಗುತ್ತೆ."

2016ರಲ್ಲಿ ಇಡೀ ಸೀಸನ್ ಬರೆಯುತ್ತೇನೆಂದು ಏಪ್ರಿಲ್‌ನಲ್ಲೇ ಹಟಕ್ಕೆ ಬಿದ್ದೆ. ಮೈದಾನಕ್ಕೆ ಹೋಗಿದ್ದು ಐದಾರು ಸಲ. ಮಿಕ್ಕದ್ದೆಲ್ಲ ಟೀವಿ, ಇಲ್ಲವೇ ಸಾರು ಕುದಿಯುವಾಗ ಅಡುಗೆಮನೆಯ ಕಟ್ಟೆಯ ಮೇಲೆ ಪ್ಯಾಟ್ ಹ್ಯೂಸ್‌ ಅವರ ರೇಡಿಯೊ ಕಾಮೆಂಟರಿ. ಮೂವತ್ತರ ಹತ್ತಿರ ಪಂದ್ಯಗಳು ಕೈತಪ್ಪಿದವು. ಅವನ್ನು ಮಾರನೇ ದಿನ ಚೆಂಡು-ಚೆಂಡಿನ ದಾಖಲೆ ನೋಡಿ ಹಸಿರಿನಲ್ಲಿ ತುಂಬಿದೆ. ರಾತ್ರಿ ಏಳರ ಪಂದ್ಯ ಮೈಸೂರಿನಲ್ಲಿ ಬೆಳಗಿನ ಐದೂವರೆ. ಅಪ್ಪ ವಾಕಿಂಗ್ ಮುಗಿಸಿ ಕಾಫಿಗೆ ಕೂರುವಾಗ ನನ್ನ ಪುಟದ ಫೋಟೊ ತಲುಪುತ್ತಿತ್ತು.

ಸೀಸನ್ ಮುಗಿದ ಮೇಲೆ ಬರೆಯಲು ಕೂತಾಗ ನಾನು ಮಾಡಿದ ತಪ್ಪೆಂದರೆ ಪುಸ್ತಕ ಮುಚ್ಚಿಟ್ಟು ನೆನಪಿನಿಂದ ಬರೆದದ್ದು. ನೆನಪಿನಲ್ಲಿ ಉಳಿದಿದ್ದದ್ದು ವರ್ಲ್ಡ್ ಸೀರೀಸಿನ ಕೊನೆಯ, ನವೆಂಬರ್ 2ರ ಏಳನೇ ಪಂದ್ಯ ಒಂದೇ. ಹಾಗಾಗಿ ಹದಿನಾಲ್ಕರಲ್ಲಿ ಒಂಬತ್ತು ಪುಟ ಆ ಒಂದು ರಾತ್ರಿಯದಾಯಿತು. ಮಿಕ್ಕ ಏಳು ತಿಂಗಳು "ಏಪ್ರಿಲ್‌ನಿಂದಲೇ ಗೆಲುವಿನ ನಾಗಾಲೋಟ" ಎಂಬ ಥರದ ವಾಕ್ಯಗಳಲ್ಲಿ ಮುಗಿದುಹೋಗಿತ್ತು. ನಾಗಾಲೋಟವಂತೆ! ಪತ್ರಿಕೆಯ ಕ್ರೀಡಾಪುಟ ಓದಿ ಓದಿ ಕೈಗೆ ಅಂಟಿಕೊಂಡ ಪದ. ಕಪ್ ಗೆದ್ದದ್ದು ಗೊತ್ತಿದ್ದು ಬರೆಯುವವರಿಗೆ ಹಿಂದಿನದೆಲ್ಲ ಅಲ್ಲಿಗೇ ಹೊರಟ ದಾರಿಯಂತೆ ಕಾಣುತ್ತದೆ. ಜೂನ್‌ನಲ್ಲಿ ನನಗೆ ಹಾಗೆ ಕಂಡಿರಲಿಲ್ಲ, ಅದಕ್ಕೆ ಪುಸ್ತಕವೇ ಸಾಕ್ಷಿ.

ಎರಡನೇ ಸಲ ಪುಸ್ತಕವನ್ನು ಮೊದಲ ಪುಟದಿಂದ ಓದಿದೆ. ಪ್ರತಿ ಪಂದ್ಯಕ್ಕೆ ಒಂದು ಚೀಟಿ, ಅದರಲ್ಲಿ ಒಂದೇ ಸಾಲು: ಆ ದಿನ ಹೊಸದಾಗಿ ಏನಾಯಿತು? ಏನೂ ಇಲ್ಲದಿದ್ದರೆ ಖಾಲಿ ಚೀಟಿ. ಅರ್ಧಕ್ಕರ್ಧ ಖಾಲಿಯೇ ಉಳಿದವು, ಅದರಿಂದ ಕೆಲಸ ಹಗುರವೂ ಆಯಿತು. ಚೀಟಿಗಳನ್ನು ನೆಲದ ಮೇಲೆ ಸಾಲಾಗಿ ಹರಡಿ, ತಿಂಗಳು ತಿಂಗಳಾಗಿ ಅಲ್ಲ, ಗಾಳಿ ಎಲ್ಲಿ ತಿರುಗಿತೋ ಅಲ್ಲಿ ಒಂದೊಂದು ಚಮಚ ಇಟ್ಟು ಗುರುತು ಮಾಡಿದೆ.

ಮೊದಲ ಚಮಚ ಬಿದ್ದದ್ದು ಮೂರನೇ ಪಂದ್ಯಕ್ಕೇ. ಏಪ್ರಿಲ್ 7, ಅರಿಜೋನ: ಕೈಲ್ ಶ್ವಾರ್ಬರ್ ಮತ್ತು ಡೆಕ್ಸ್‌ಟರ್ ಫೌಲರ್ ಒಂದೇ ಚೆಂಡಿಗೆ ಓಡಿ ಡಿಕ್ಕಿ ಹೊಡೆದರು, ಶ್ವಾರ್ಬರ್‌ನ ಮೊಣಕಾಲಿನ ಲಿಗಮೆಂಟ್ ಹರಿಯಿತು. ಸೀಸನ್ ಮುಗಿಯಿತು ಎಂದರು. ಅಲ್ಲಿಂದಾಚೆ ಅವನ ಹೆಸರು ನನ್ನ ಪುಸ್ತಕದಿಂದ ಮಾಯ. ಆದರೂ ತಂಡ ಮೊದಲ 31 ಪಂದ್ಯಗಳಲ್ಲಿ 25 ಗೆದ್ದಿತು. ಜೂನ್ 19ಕ್ಕೆ 47 ಗೆಲುವು, 20 ಸೋಲು, ಅಂದರೆ 47-20. ಅವತ್ತು ವಿಲ್ಸನ್ ಕಂಟ್ರೇರಸ್ ಎಂಬ ಹುಡುಗ ಮೇಜರ್ ಲೀಗ್‌ನಲ್ಲಿ ತಾನು ಎದುರಿಸಿದ ಮೊಟ್ಟಮೊದಲ ಚೆಂಡನ್ನೇ ಹೋಮ್ ರನ್, ಅಂದರೆ ನಮ್ಮ ಸಿಕ್ಸರ್ ಥರ ಗೋಡೆಯಾಚೆಗೆ, ಬಾರಿಸಿದ್ದ.

ಮಾರನೇ ದಿನದಿಂದ ಬಿದ್ದ ಪೆಟ್ಟು ನನ್ನ ಮೊದಲ ಕರಡಿನಲ್ಲಿ ಒಂದು ಸಾಲು, "ನಡುವೆ ಸ್ವಲ್ಪ ಹಿನ್ನಡೆ" ಅಂತ. ಪುಸ್ತಕದಲ್ಲಿ ಅದು 21 ಪುಟ, ಅದರಲ್ಲಿ 15 ಸೋಲು. ಸೇಂಟ್ ಲೂಯಿಸ್ ತಂಡ ರಿಗ್ಲಿಗೇ ಬಂದು ಮೂರಕ್ಕೆ ಮೂರೂ ಗೆದ್ದುಕೊಂಡು ಹೋಯಿತು. ನ್ಯೂಯಾರ್ಕ್‌ನಲ್ಲಿ ಮೆಟ್ಸ್ ನಾಲ್ಕಕ್ಕೆ ನಾಲ್ಕು, ಕೊನೆಯದು 14-3. ಆ ಪುಟದಲ್ಲಿ ಎರಡನೇ ಇನ್ನಿಂಗ್ಸಿನ ಕಾಲಂ ಸಾಲದೆ ಪಕ್ಕದ ಕಾಲಮ್ಮಿಗೆ ಬಾಣ ಹಾಕಿದ್ದೇನೆ. ಅಪ್ಪ ಕೇಳಿದರು, "ಯಾಕೆ ಸೋತ್ರು?" ನನ್ನ ಹತ್ತಿರ ಉತ್ತರ ಇರಲಿಲ್ಲ. ಪುಟಗಳನ್ನು ಒಂದರ ಪಕ್ಕ ಒಂದು ಇಟ್ಟಾಗ ಕಂಡದ್ದು ಮೇಲಿನ ಸಾಲು. ಅಲ್ಲಿಯವರೆಗೆ ಹೆಚ್ಚುಕಡಿಮೆ ದಿನವೂ ಮೊದಲ ಬ್ಯಾಟರ್ ಫೌಲರ್. ಜೂನ್ 18ಕ್ಕೆ ತೊಡೆಯ ಸ್ನಾಯು ಹಿಡಿದು ಅವನು ಹೊರಬಿದ್ದ, ಒಂದು ತಿಂಗಳು ಬರಲಿಲ್ಲ, ಮೇಲಿನ ಸಾಲಿನ ಹೆಸರು ಬದಲಾಗುತ್ತಲೇ ಹೋಯಿತು. ಅದರ ಜೊತೆಗೆ ತಾರೀಖುಗಳು: ಜುಲೈ ನಡುವಿನ ವಿರಾಮದ ಮುಂಚೆ 24 ದಿನಕ್ಕೆ 24 ಪಂದ್ಯ, ಒಂದು ದಿನವೂ ರಜೆ ಇಲ್ಲ. ಬರೆಯುವ ನನಗೇ ಸುಸ್ತಾಗಿದ್ದು ಅಕ್ಷರದಲ್ಲಿ ಕಾಣುತ್ತದೆ. ಜುಲೈ ಮೊದಲ ವಾರದ ಏಳುಗಳೆಲ್ಲ ಒಂದರ ಹಾಗಿವೆ. ವಿರಾಮದ ಹೊತ್ತಿಗೆ 53-35.

ವಿರಾಮದ ನಂತರ 50-23. ಅದನ್ನು ಬೇಗ ದಾಟಿದೆ, ಗೆಲ್ಲುವ ತಂಡದ ಬಗ್ಗೆ ಬರೆಯಲು ಹೆಚ್ಚೇನಿರುವುದಿಲ್ಲ. ನಿಂತದ್ದು ಜುಲೈ 31ರ ಪುಟದಲ್ಲಿ. ಸಿಯಾಟಲ್ ಎದುರು 0-6 ಹಿಂದಿದ್ದ ಕಬ್ಸ್ 12ನೇ ಇನ್ನಿಂಗ್ಸ್‌ನಲ್ಲಿ 7-6 ಗೆದ್ದ ಪಂದ್ಯ ಅದು. ಮ್ಯಾನೇಜರ್ ಜೋ ಮ್ಯಾಡನ್ ಪಿಚರ್ ಟ್ರಾವಿಸ್ ವುಡ್‌ನನ್ನು ಎಡಗಡೆಯ ಹೊರ ಮೈದಾನಕ್ಕೆ ಕಳಿಸಿದರು. ಅವನು ಬಳ್ಳಿಯ ಗೋಡೆಗೆ ಬೆನ್ನು ತಾಗಿಸಿ ಒಂದು ಕ್ಯಾಚ್ ಹಿಡಿದ. ಆ ಚೌಕದಲ್ಲಿ 1 ಬರೆದು, ಹೊಡೆದುಹಾಕಿ, 7 ಬರೆದಿದ್ದೇನೆ. ಕೊನೆಗೆ ಗೆಲುವಿನ ರನ್ನಿಗೆ ಬ್ಯಾಟ್ ಹಿಡಿದು ಬಂದದ್ದು ಜಾನ್ ಲೆಸ್ಟರ್. ಮೊದಲ 66 ಪ್ರಯತ್ನಗಳಲ್ಲಿ ಒಂದು ಹಿಟ್ಟೂ (ಬೇಸ್ ತಲುಪಿಸುವ ಹೊಡೆತ) ಇಲ್ಲದೆ ವೃತ್ತಿಜೀವನ ಶುರುಮಾಡಿದ್ದ ಪಿಚರ್. ಎರಡು ಸ್ಟ್ರೈಕ್ ಆಗಿತ್ತು, ಮೂರನೆಯದಾದರೆ ಔಟ್. ಅವನು ಬ್ಯಾಟನ್ನು ಅಡ್ಡ ಹಿಡಿದು ಚೆಂಡನ್ನು ಮೆಲ್ಲಗೆ ನೆಲಕ್ಕೆ ಇಳಿಸಿದ, ಮೂರನೇ ಬೇಸಿನಿಂದ ಹೇವರ್ಡ್ ಓಡಿಬಂದ. ಇದನ್ನು ಅಪ್ಪನಿಗೆ ಅರ್ಥ ಮಾಡಿಸಲು ನನಗೆ ಒಂದು ಪುಟ ಬೇಕಾಯಿತು. ಹನ್ನೊಂದನೇ ಬ್ಯಾಟ್ಸ್‌ಮನ್ ಕೊನೇ ಚೆಂಡನ್ನು ಕಾಲಬುಡದಲ್ಲೇ ತಡೆದು ಒಂಟಿ ರನ್ ಕದ್ದು ಮ್ಯಾಚ್ ಗೆಲ್ಲಿಸಿದ ಹಾಗೆ ಎಂದಾಗ, "ಅದನ್ನೇ ಮೊದಲು ಬರೀಬಾರದಿತ್ತಾ" ಅಂದರು.

ಭಾಷೆಯ ತಾಪತ್ರಯ ಬೇರೆ. ಪಿಚರ್‌ಗೆ 'ಎಸೆತಗಾರ' ಎಂದು ಒಂದು ಪುಟ ಬರೆದು ನೋಡಿದೆ, ಜಾತ್ರೆಯಲ್ಲಿ ರಿಂಗ್ ಎಸೆಯುವವನಂತೆ ಕೇಳಿಸಿತು, ಬಿಟ್ಟೆ. ಹೆಸರುಗಳದ್ದೂ ಒಂದು ಫಜೀತಿ. ವರ್ಲ್ಡ್ ಸೀರೀಸ್‌ನ ಎದುರಾಳಿ ಕ್ಲೀವ್‌ಲ್ಯಾಂಡ್ ತಂಡದ ಹೆಸರು ಆಗ ಇಂಡಿಯನ್ಸ್. ಗಾರ್ಡಿಯನ್ಸ್ ಆಗಿದ್ದು 2022ರ ಸೀಸನ್ನಿನಿಂದ. ಅಪ್ಪನ ವಾಕಿಂಗ್ ಗೆಳೆಯರೊಬ್ಬರು ಫೋನಿನಲ್ಲಿ ಇಣುಕಿ ನೋಡಿ, "ಇಂಡಿಯನ್ಸ್ ಸೋತ್ರಾ? ಯಾರ ಮೇಲೆ?" ಎಂದು ಗಾಬರಿಯಾದರಂತೆ.

ಬರೆಯಲು ನಿಜಕ್ಕೂ ಕಷ್ಟವಾದದ್ದು ಅರೋಲ್ಡಿಸ್ ಚಾಪ್ಮನ್ ವಿಷಯ. ಜುಲೈ 25ರಂದು ನ್ಯೂಯಾರ್ಕ್ ಯಾಂಕೀಸ್‌ನಿಂದ ಅವನನ್ನು ತಂದರು. ಕೌಟುಂಬಿಕ ಹಿಂಸೆಯ ಆರೋಪದ ಮೇಲೆ ಅದೇ ವರ್ಷ ಲೀಗ್ ಅವನನ್ನು 30 ಪಂದ್ಯಗಳಿಗೆ ಅಮಾನತು ಮಾಡಿತ್ತು, ಮೊಕದ್ದಮೆ ಆಗಿರಲಿಲ್ಲ. ವರ್ಲ್ಡ್ ಸೀರೀಸ್ ಐದನೇ ಪಂದ್ಯದಲ್ಲಿ ಎಂಟು ಔಟ್ ತೆಗೆದು 3-2 ಗೆಲುವು ಉಳಿಸಿದ್ದು ಅವನೇ. ಮೊದಲ ಕರಡಿನಲ್ಲಿ ಆ ಎಂಟು ಔಟ್ ಇದ್ದವು, ಅಮಾನತು ಇರಲಿಲ್ಲ. ಹಬ್ಬದ ಮನೆಯಲ್ಲಿ ಯಾಕೆ ಅಂತ ನಾನೇ ಬಿಟ್ಟಿದ್ದೆ. ಎರಡನೇ ಸಲ ಸೇರಿಸಿದೆ. ಅವನು ಚೆಂಡು ಎಸೆಯಲು ಬಂದಾಗ ನಾನು ಚಪ್ಪಾಳೆ ತಟ್ಟಿರಲಿಲ್ಲ, ಆದರೆ ಗೆಲ್ಲಲಿ ಅಂತ ಬಯಸಿದ್ದೆ. ಎರಡನ್ನೂ ಬರೆದೆ. ಅಪ್ಪ ಆ ಪ್ಯಾರಾದ ಬಗ್ಗೆ ಏನೂ ಹೇಳಲಿಲ್ಲ, ತಿದ್ದಲೂ ಇಲ್ಲ.

ಅಂಕಿಪಟ್ಟಿ ಮತ್ತೆ ಮಾಡುವಾಗ ಕೈಗೆ ಸಿಕ್ಕಿದ್ದು ಇನ್ನೊಂದು. ಎಲ್ಲರೂ ಬರೆದದ್ದು ಕ್ರಿಸ್ ಬ್ರಯಂಟ್‌ನ 39 ಹೋಮ್ ರನ್, ಆಂಥೊನಿ ರಿಜ್ಜೊನ 32. ನಾನು ಪಿಚರ್‌ಗಳ ಹೆಸರಿಗೆ ಗೆರೆ ಎಳೆದು ಎಣಿಸಿದೆ. ಲೆಸ್ಟರ್ 32 ಪಂದ್ಯ ಆರಂಭಿಸಿದ್ದ, ಅರಿಯೆಟಾ 31, ಹೆಂಡ್ರಿಕ್ಸ್ 30, ಹ್ಯಾಮೆಲ್ 30, ಲ್ಯಾಕಿ 29. ಐದೇ ಜನ ಸೇರಿ 162ರಲ್ಲಿ 152. ಪಿಚರ್‌ಗಳ ಭುಜ, ಮೊಣಕೈ ಪದೇ ಪದೇ ಕೈಕೊಡುವ ಈ ಆಟದಲ್ಲಿ ಅದು ಪುಣ್ಯ ಅನ್ನಬೇಕು. ನನ್ನ ಮಟ್ಟಿಗೆ ಆ ಸೀಸನ್ ಇರುವುದು ಆ ಸಂಖ್ಯೆಯಲ್ಲಿ, ಮಳೆಗೆ ನಿಂತ ಆ ಟೈನಲ್ಲಿ, ಜುಲೈನ ಒಂದರಂತಿರುವ ಏಳುಗಳಲ್ಲಿ. ಏಳನೇ ಪಂದ್ಯಕ್ಕೆ ಎರಡನೇ ಕರಡಿನಲ್ಲಿ ಉಳಿದದ್ದು ಎರಡೇ ಪುಟ.

ಆ ಎರಡು ಪುಟಕ್ಕಾಗಿ ಪುಸ್ತಕದ 179ನೇ ಹಾಳೆ ತೆಗೆದೆ: 162 ಲೀಗ್ ಪಂದ್ಯ, ಅದರ ಮೇಲೆ 17. ಶುರುವಿನಲ್ಲಿ ಫೌಲರ್ ಹೋಮ್ ರನ್. ಎಂಟನೇ ಇನ್ನಿಂಗ್ಸ್‌ನಲ್ಲಿ ಚಾಪ್ಮನ್ ಎದುರು ರಾಜಾಯ್ ಡೇವಿಸ್ ಬಾರಿಸಿ 6-6 ಮಾಡಿದ ಚೌಕದಲ್ಲಿ ಪೆನ್ನು ಒತ್ತಿ ಕಾಗದ ತೂತಾಗಿದೆ. ಒಂಬತ್ತು ಮುಗಿದ ಮೇಲೆ 17 ನಿಮಿಷ ಮಳೆ, ಅಂಚಿನಲ್ಲಿ "ಅಪ್ಪ: ಏನಾಯ್ತು??" ಎಂದು ಬರೆದುಕೊಂಡಿದ್ದೇನೆ. ಹತ್ತನೆಯದರ ಮೊದಲ ಹಿಟ್ ಶ್ವಾರ್ಬರ್‌ನದು. ಮೂರನೇ ಪುಟದಲ್ಲಿ ಮಾಯವಾಗಿದ್ದವನು, ಲೀಗ್ ಪಂದ್ಯಗಳಲ್ಲಿ ಆ ವರ್ಷ ಒಂದು ಹಿಟ್ಟೂ ಇಲ್ಲದವನು, ವರ್ಲ್ಡ್ ಸೀರೀಸ್‌ಗೆ ಬ್ಯಾಟ್ ಮಾಡಲಷ್ಟೇ ವಾಪಸ್ ಬಂದಿದ್ದ. ಅವನ ಬದಲು ಓಡಲು ಬಂದ ಆಲ್ಮೋರಾ, ಆಮೇಲೆ ಎರಡನೇ ಬೇಸ್ ತಲುಪಿಸಿದ ಜೋಬ್ರಿಸ್ಟ್‌ನ ಡಬಲ್, ಮೊಂಟೆರೊನ ಹಿಟ್, 8-6. ಕ್ಲೀವ್‌ಲ್ಯಾಂಡ್ ಒಂದು ರನ್ ತೆಗೆಯಿತು, 8-7.

ಅಲ್ಲಿಗೆ ಬರವಣಿಗೆ ನಿಂತಿತ್ತು. ಅಪ್ಪ ಕಲಿಸಿದ ಹಾಗೆ ಔಟ್‌ಗಳನ್ನು ಕೂಡಿದೆ. ಇನ್ನಿಂಗ್ಸಿಗೆ ಮೂರರಂತೆ ಹತ್ತು ಇನ್ನಿಂಗ್ಸಿಗೆ ಎರಡೂ ಕಡೆ 30 ಇರಬೇಕು. ಕಬ್ಸ್ ಕಡೆ 30. ಕ್ಲೀವ್‌ಲ್ಯಾಂಡ್ ಕಡೆ 29. ಮತ್ತೆ ಕೂಡಿದೆ, ಇಪ್ಪತ್ತೊಂಬತ್ತೇ. ಕೊನೇ ಚೌಕ, ಮೈಕೆಲ್ ಮಾರ್ಟಿನೆಜ್ ಹೆಸರಿನ ಎದುರು, ಖಾಲಿ. ಅವನು ಹೊಡೆದ ಮೆತ್ತನೆಯ ಚೆಂಡಿಗೆ ಮೂರನೇ ಬೇಸಿನಿಂದ ಬ್ರಯಂಟ್ ನುಗ್ಗಿಬಂದದ್ದು, ಒದ್ದೆ ಹುಲ್ಲಿನಲ್ಲಿ ಕಾಲು ಜಾರಿದ್ದು, ಜಾರುತ್ತಲೇ ಎಸೆದದ್ದು, ರಿಜ್ಜೊ ಹಿಡಿದು ಚೆಂಡನ್ನು ಹಿಂದಿನ ಜೇಬಿಗೆ ಹಾಕಿಕೊಂಡದ್ದು ಎಲ್ಲ ಕಣ್ಣಿಗೆ ಕಟ್ಟಿದ ಹಾಗಿದೆ. ಬರೆದಿರಲಿಲ್ಲ, ಅಷ್ಟೆ. ಆಗ ನಾನು ಸೋಫಾದ ಮೇಲೆ ನಿಂತಿದ್ದೆನೋ ಏನೋ.

ಅಪ್ಪನಿಗೆ ಫೋನ್ ಮಾಡಿದೆ. "ನೋಡಿದ್ದೀನಪ್ಪ, ನೀಲಿಯಲ್ಲೇ ಬರೀಲಾ?"

"ಯಾವತ್ತು ಬರೀತಿದ್ದೀಯ?"

"ಇವತ್ತು."

"ಮತ್ತೆ?"

ಡ್ರಾಯರ್‌ನಿಂದ ಹಸಿರು ಪೆನ್ನು ತೆಗೆದು 5-3 ಎಂದು ಬರೆದೆ.