ಬೇಸಿಗೆಯಲ್ಲೂ ಸಿಹಿಯಾಗಿರುವ ಮೊಸರಿಗೆ ಹೆಪ್ಪಿನ ಜೋಪಾನ

ಮೊಸರು ಹುಳಿಯಾಯಿತೆಂದು ಹಾಲನ್ನೋ ವಿಜಯಪುರದ ಬಿಸಿಲನ್ನೋ ದೂರುವವರನ್ನು ನಾನು ಮೊದಲು ಕೇಳುವುದು, ಹೆಪ್ಪನ್ನು ಯಾವಾಗ ಮತ್ತು ಎಲ್ಲಿಂದ ತೆಗೆದಿರಿ ಎಂದು. ಊಟ ಮುಗಿದ ಮೇಲೆ ಗಡಿಗೆಯ ತಳದಲ್ಲಿ ಉಳಿದ, ಹತ್ತಾರು ಸಲ ಚಮಚ ಆಡಿದ ಮೊಸರನ್ನೇ ರಾತ್ರಿ ಹೆಪ್ಪಿಗೆ ಬಳಸುವುದು ಅನೇಕ ಮನೆಗಳ ರೂಢಿ. ಕೆಡುಕು ಆರಂಭವಾಗುವುದು ಅಲ್ಲಿಯೇ. ಮೊಸರು ಗಟ್ಟಿಯಾದ ಕೂಡಲೇ, ಯಾರೂ ಬಡಿಸಿಕೊಳ್ಳುವ ಮುನ್ನ, ಮೇಲಿನ ಕೆನೆಯನ್ನು ಸರಿಸಿ ನಡುವಿನಿಂದ ಎರಡು ಚಮಚ ಮೊಸರನ್ನು, ಕುದಿನೀರಿನಲ್ಲಿ ತೊಳೆದು ಆರಿಸಿದ ಸ್ಟೀಲ್ ಬಟ್ಟಲಿಗೆ ತೆಗೆದು ಮುಚ್ಚಿ ಫ್ರಿಜ್ಜಿನಲ್ಲಿಡಬೇಕು. ಅದನ್ನು ಮೂರು-ನಾಲ್ಕು ದಿನಗಳೊಳಗೆ ಬಳಸುವುದು ಒಳ್ಳೆಯದು.

ಇದಕ್ಕೆ ಕಾರಣವಿದೆ. ಮನೆಯ ಹೆಪ್ಪಿನಲ್ಲಿ ಹಲವು ಬಗೆಯ ಬ್ಯಾಕ್ಟೀರಿಯಾಗಳು ಒಟ್ಟಿಗೆ ಇದ್ದು, ಹಾಲಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಡಿಸುತ್ತವೆ. ಗಟ್ಟಿಯಾದ ಮೊಸರನ್ನು ಹಾಗೆಯೇ ಹೊರಗೆ ಬಿಟ್ಟರೆ ಆಮ್ಲ ಹೆಚ್ಚುತ್ತಾ ಹೋಗಿ, ಅದನ್ನು ತಾಳಲಾರದವು ಕುಗ್ಗುತ್ತವೆ, ತಾಳಬಲ್ಲ ಲ್ಯಾಕ್ಟೋಬ್ಯಾಸಿಲಸ್ ಜಾತಿಯವು ಮೇಲುಗೈ ಪಡೆಯುತ್ತವೆ. ಅಂಥ ಮೊಸರೇ ಮರುದಿನದ ಹೆಪ್ಪಾದಾಗ ಹುಳಿ ದಿನದಿಂದ ದಿನಕ್ಕೆ ಏರುತ್ತದೆ. ಹೀಗಾದ ಹೆಪ್ಪನ್ನು ಎಸೆಯಬೇಕಾಗಿಲ್ಲ. ಅರ್ಧ ಚಮಚದಷ್ಟನ್ನು ಮಾತ್ರ ಹೊಸ ಹಾಲಿಗೆ ಹಾಕಿ, ಅದು ಮೆತ್ತಗೆ ಗಟ್ಟಿಯಾದೊಡನೆ ತಣ್ಣಗೆ ಇಟ್ಟು, ಅದರಿಂದ ಮತ್ತೆ ಹೆಪ್ಪು ಹಾಕುತ್ತಾ ಎರಡು-ಮೂರು ಸುತ್ತು ನಡೆಸಿದರೆ ಸಿಹಿ ಮರಳಿ ಬರುತ್ತದೆ.

ಹಾಲನ್ನು, ಅದರಲ್ಲೂ ಎಮ್ಮೆಯ ಹಾಲನ್ನು, ಉಕ್ಕಿಸಿ ಇಳಿಸಿಬಿಡದೆ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕಾಯಿಸಿದರೆ ಮೊಸರು ಕೊಯ್ಯುವಷ್ಟು ಗಟ್ಟಿಯಾಗುತ್ತದೆ. ಹಾಲು 40 ಡಿಗ್ರಿಯ ಆಸುಪಾಸಿಗೆ, ಅಂದರೆ ಅದ್ದಿದ ಬೆರಳಿಗೆ ಹಿತವೆನಿಸುವಷ್ಟು ಬೆಚ್ಚಗೆ ಇಳಿದಾಗ ಹೆಪ್ಪು ಹಾಕಬೇಕು. ಸುಡುವ ಹಾಲಿಗೆ ಹಾಕಿದರೆ ಬ್ಯಾಕ್ಟೀರಿಯಾಗಳು ಸಾಯುತ್ತವೆ. ಏಪ್ರಿಲ್-ಮೇ ತಿಂಗಳಲ್ಲಿ ನಮ್ಮಲ್ಲಿ ಹಗಲಿನ ತಾಪವೇ 40 ಡಿಗ್ರಿ ದಾಟುವುದರಿಂದ, ರಾತ್ರಿ ಹೆಪ್ಪು ಹಾಕಿ ಮಲಗಿದರೆ ಬೆಳಗಾಗುವಷ್ಟರಲ್ಲಿ ಮೊಸರು ಹುಳಿಯುತ್ತದೆ. ಆ ದಿನಗಳಲ್ಲಿ ಹಾಲನ್ನು ಪೂರ್ತಿ ಆರಿಸಿ, ಲೀಟರಿಗೆ ಅರ್ಧ ಚಮಚಕ್ಕಿಂತ ಹೆಚ್ಚು ಹೆಪ್ಪು ಹಾಕದೆ, ನಸುಕಿನಲ್ಲಿ ಕೆಲಸ ಮುಗಿಸಿದರೆ ಎಚ್ಚರವಿದ್ದಾಗಲೇ ಮೊಸರನ್ನು ನೋಡಿಕೊಂಡು ಒಳಗಿಡಬಹುದು. ಮಣ್ಣಿನ ಗಡಿಗೆಯಾದರೆ ನೀರು ತುಂಬಿದ ಪರಾತದಲ್ಲಿ ನಿಲ್ಲಿಸುವುದು ಇನ್ನೂ ಒಳ್ಳೆಯದು. ಡಿಸೆಂಬರಿನ ಚಳಿಗೆ ಇದೆಲ್ಲ ತಿರುಗುಮುರುಗು: ಹೆಪ್ಪನ್ನು ಎರಡು ಚಮಚಕ್ಕೆ ಏರಿಸಿ, ಪಾತ್ರೆಗೆ ಕೌದಿ ಸುತ್ತಿ ಅಲುಗಾಡದಂತೆ ಇಡಬೇಕು.

ಹೆಪ್ಪಿನಲ್ಲಿ ಗುಳ್ಳೆಗಳೆದ್ದು ಹೆಂಡದಂಥ ವಾಸನೆ ಬಂದರೆ ಯೀಸ್ಟ್ ಸೇರಿದೆ ಎಂದು ಅರಿಯಬೇಕು. ಎಳೆ ಬರುವಂತೆ ಲೋಳೆಯಾದುದನ್ನೂ, ಹಸಿರು ಅಥವಾ ಗುಲಾಬಿ ಬಣ್ಣ ತಿರುಗಿದುದನ್ನೂ ಹೆಪ್ಪಿಗೆ ಬಳಸಬಾರದು. ಬಣ್ಣ ಬಂದ ಜಾಗವನ್ನಷ್ಟೇ ತೆಗೆದು ಉಳಿದುದನ್ನು ಇಟ್ಟುಕೊಳ್ಳುವ ಜಿಪುಣತನ ಇಲ್ಲಿ ಸಲ್ಲದು. ಪೂರ್ತಿ ಚೆಲ್ಲಿ, ಗಡಿಗೆಯನ್ನು ಕುದಿನೀರಿನಿಂದ ತೊಳೆದು ಬಿಸಿಲಿಗೆ ಒಣಗಿಸಬೇಕು.

ಅಂಥ ಹೊತ್ತಿಗೆಂದು ಒಳ್ಳೆಯ ಮೊಸರು ಬಂದ ದಿನವೇ ಸ್ವಲ್ಪವನ್ನು ಐಸ್ ಟ್ರೇಯಲ್ಲಿ ಹೆಪ್ಪುಗಟ್ಟಿಸಿ ಇಟ್ಟುಕೊಂಡರೆ ಕೆಲವು ವಾರ ಬಾಳುತ್ತದೆ. ಅದೂ ಇಲ್ಲದಿದ್ದಾಗ ತೊಟ್ಟು ಸಹಿತ ಐದಾರು ಹಸಿಮೆಣಸಿನಕಾಯಿಗಳನ್ನು ಬೆಚ್ಚಗಿನ ಹಾಲಿನಲ್ಲಿ ಮುಳುಗಿಸಿಡುವ ಹಳೆಯ ಉಪಾಯವಿದೆ; ಮೊದಲ ಮೊಸರು ತೆಳ್ಳಗೆ ಬರುವುದರಿಂದ ಅದನ್ನು ಊಟಕ್ಕೆ ಬಡಿಸದೆ, ಮರುದಿನದ ಹಾಲಿಗೆ ಹೆಪ್ಪಾಗಿ ಹಾಕಬೇಕು.